ಲಾಟರಿ ಹೊಡೆದೋರೆಲ್ಲಾ ಬುದ್ಧಿವಂತರೇನ್ರೀ?

ಮೊನ್ನೆ ಇಲ್ಲಿ ನ್ಯೂಜೆರ್ಸಿಯಲ್ಲಿ ಪರಿಚಿತರೊಬ್ಬರ ಮನೇಲಿ ಸತ್ಯನಾರಾಯಣ ಪೂಜೆ. ಊಟ ಆದ್ಮೇಲೆ ಅವರ ಊರಿನ ಹುಡುಗನೊಬ್ಬ ಫೋನಲ್ಲಿ ಸಿಕ್ಕಿದ್ದ, ಎಂ.ಎಸ್. ಮಾಡೋಕೆ ಅಮೆರಿಕಕ್ಕೆ ಬರಬೇಕೂಂತ ಇದಾನಂತೆ. ಮನೆ ಯಜಮಾನರು ಸ್ಪೀಕರ್ ಹಾಕಿ ಎಲ್ಲರೆದುರೂ ಉಪದೇಶ ಶುರು ಮಾಡಿದ್ರು. "ನೀನು ಮೊದಲು ಬಾ ಮಾರಾಯ, ಓದು ಮುಗಿಸು. ಆಮೇಲಿನದ್ದೆಲ್ಲ ತಾನಾಗೇ ಆಗತ್ತೆ. ನಾವೆಲ್ಲ ಬಂದಿಲ್ವಾ? ಟ್ಯಾಲೆಂಟ್ ಇದ್ದೋರಿಗೆ ಈ ದೇಶ ಯಾವತ್ತೂ ಮೋಸ ಮಾಡಲ್ಲ." ಸುತ್ತ ಕೂತವರೆಲ್ಲ ಹೌದು ಹೌದು ಅಂತ ತಲೆಯಾಡಿಸಿದ್ರು. ನಾನು ಸಪಾದದ ಬಟ್ಟಲು ಹಿಡ್ಕೊಂಡು ಸುಮ್ಮನೆ ಕೂತಿದ್ದೆ. ಹಾಗೆ ಸುಮ್ಮನಿದ್ದಿದ್ದಕ್ಕೆ ಮನೆಗೆ ಬಂದ ಮೇಲೆ ನಾಚಿಕೆ ಆಯ್ತು, ಅದಕ್ಕೇ ಇದನ್ನ ಬರೀತಿದೀನಿ.

'ನಾವೆಲ್ಲ ಬಂದಿಲ್ವಾ' ಅನ್ನೋ ಮಾತನ್ನೇ ತಗೊಳ್ಳಿ. ನಾವು ಬಂದದ್ದು ಹೇಗೆ? ನನ್ನ ವಿದ್ಯಾರ್ಥಿ ವೀಸಾ ಎಚ್-ಒನ್‌ಬಿ ಆಗಿ ಬದಲಾಗಿದ್ದು 2002ರಲ್ಲಿ. 2001ರಿಂದ 2003ರವರೆಗೆ ಮೂರು ಹಣಕಾಸು ವರ್ಷ ಆ ವೀಸಾದ ವಾರ್ಷಿಕ ಮಿತಿ 1,95,000 ಇತ್ತು. ಅಷ್ಟು ಜಾಗ ಭರ್ತಿಯೇ ಆಗ್ತಿರಲಿಲ್ಲ! ಕಂಪನಿ ಅರ್ಜಿ ಹಾಕ್ತು, ಕೆಲವು ವಾರ ಕಾದೆ, ಕಾಗದ ಬಂತು. ಲಾಟರಿ ಅನ್ನೋ ಶಬ್ದವನ್ನೇ ನಾನು ಕೇಳಿರಲಿಲ್ಲ. 2004ರ ಹಣಕಾಸು ವರ್ಷಕ್ಕೆ ಆ ಮಿತಿ ಮತ್ತೆ 65,000ಕ್ಕೆ ಇಳೀತು, ಆಮೇಲೆ ಇಲ್ಲೇ ಮಾಸ್ಟರ್ಸ್ ಅಥವಾ ಅದಕ್ಕಿಂತ ಹೆಚ್ಚು ಓದಿದವರಿಗೆ ಅಂತ 20,000 ಸೇರಿಸಿದ್ರು. ಅಷ್ಟೇ. ಇವತ್ತಿಗೂ ಅದೇ ಲೆಕ್ಕ. 2007ರ ಏಪ್ರಿಲ್‌ನಲ್ಲಿ ಅರ್ಜಿ ತಗೊಳ್ಳೋಕೆ ಶುರು ಮಾಡಿದ ಮೊದಲ ದಿನವೇ 65,000ದ ಮಿತಿ ಮುಗಿದುಹೋಯ್ತು.

ಅಂದ್ರೆ ನಾನು ಹತ್ತಿದ ಬಸ್ಸು ಖಾಲಿ ಇತ್ತು ಸ್ವಾಮಿ. ಸೀಟು ಸಿಕ್ಕಿದ್ದಕ್ಕೆ ನನ್ನ ಜಾಣತನ ಕಾರಣ ಅಂತ ಇವತ್ತಿನ ಹುಡುಗರಿಗೆ ಹೇಳೋದು ಶುದ್ಧ ಸುಳ್ಳು.

ಈಗಿನ ಕಥೆ ಏನು ಅಂತ ನನಗೆ ಕಲಿಸಿದೋನು ನನ್ನ ಅಕ್ಕನ ಮಗ. ಭಾವ ಶಿವಮೊಗ್ಗದ ಮನೆ ಪತ್ರ ಬ್ಯಾಂಕಿನಲ್ಲಿಟ್ಟು 35 ಲಕ್ಷ ಸಾಲ ಮಾಡಿ ಅವನನ್ನ 2019ರಲ್ಲಿ ಕಳಿಸಿದ್ರು. ಚೆನ್ನೈನ ಸಂದರ್ಶನದಲ್ಲಿ 'ಓದು ಮುಗಿದ ಮೇಲೆ ವಾಪಸ್ ಹೋಗ್ತೀನಿ' ಅಂತ ಹೇಳಿದ, ಎಲ್ಲರೂ ಹೇಳೋ ಹಾಗೆ. ಹಾಗೆ ಹೇಳದಿದ್ರೆ ವೀಸಾ ಸಿಗಲ್ಲ. ಆದ್ರೆ ಇಲ್ಲಿ ಸಂಪಾದಿಸದಿದ್ರೆ ಸಾಲ ತೀರಲ್ಲ ಅನ್ನೋದು ಮನೆಯವರಿಗೂ ಗೊತ್ತು, ಬ್ಯಾಂಕಿನವರಿಗೂ ಗೊತ್ತು. ಇಪ್ಪತ್ತೆರಡು ವರ್ಷದ ಹುಡುಗನ ಅಮೆರಿಕದ ಬದುಕು ಶುರುವಾಗೋದೇ ಎಲ್ಲರೂ ಸೇರಿ ಹೇಳಿಸಿದ ಒಂದು ಸುಳ್ಳಿನಿಂದ.

2021ರಲ್ಲಿ ಎಂ.ಎಸ್. ಮುಗೀತು, ಒಳ್ಳೇ ಕೆಲಸ ಸಿಕ್ತು. ಓದಿದವರಿಗೆ ಕೊಡೋ ಓಪಿಟಿ ಒಂದು ವರ್ಷ, ವಿಜ್ಞಾನ-ತಂತ್ರಜ್ಞಾನದ ಓದಾದ್ರೆ ಅದರ ಮೇಲೆ ಎರಡು ವರ್ಷ. ಒಟ್ಟು ಮೂರು ವರ್ಷ, ಅಂದ್ರೆ ಅವನಿಗೆ ಮೂರು ಮಾರ್ಚ್, ಮೂರು ಲಾಟರಿ. 2022ರಲ್ಲಿ ಹೆಸರು ಬರಲಿಲ್ಲ. 2023ರಲ್ಲಿ 7,58,994 ಅರ್ಹ ನೋಂದಣಿಗಳು. ಅವುಗಳಲ್ಲಿ 4,08,891, ಒಂದಕ್ಕಿಂತ ಹೆಚ್ಚು ನೋಂದಣಿ ಇದ್ದವರ ಹೆಸರಿನವು! ಆಗ ಒಂದು ನೋಂದಣಿಗೆ ಹತ್ತೇ ಡಾಲರ್. ನಿಜವಾಗಿ ಎರಡು ಕಡೆ ಕೆಲಸ ಸಿಕ್ಕಿದ್ರೆ ಎರಡು ನೋಂದಣಿ ತಪ್ಪಲ್ಲ, ಒಪ್ಪೋಣ. ಆದ್ರೆ ಅವನ ರೂಮ್‌ಮೇಟ್‌ಗೆ ಒಂದು ಕನ್ಸಲ್ಟೆನ್ಸಿ ನಾಲ್ಕು ಕಂಪನಿಗಳ ಹೆಸರಲ್ಲಿ ಹಾಕಿಸಿತ್ತು, ನಾಲ್ಕರಲ್ಲೂ ಕೆಲಸ ಇರಲಿಲ್ಲ. ರೂಮ್‌ಮೇಟ್‌ಗೆ ಬಂತು, ಇವನಿಗೆ ಬರಲಿಲ್ಲ. "ಮಾಮ, ನಾನೂ ಹಾಗೇ ಮಾಡ್ಬೇಕಿತ್ತಾ?" ಅಂತ ಫೋನ್ ಮಾಡಿ ಕೇಳಿದ. ನನ್ನ ಹತ್ರ ಉತ್ತರ ಇರಲಿಲ್ಲ. 2024ರಲ್ಲಿ ನಿಯಮ ಬದಲಾಗಿ ಒಬ್ಬರಿಗೆ ಒಂದೇ ಚೀಟಿ ಅಂತ ಆಯ್ತು. ಆಗಲೂ ಸಿಗಲಿಲ್ಲ. ಆಗಸ್ಟ್‌ನಲ್ಲಿ ಗಂಟುಮೂಟೆ ಕಟ್ಟಿದ.

ಹೇಳಿ, ಇದರಲ್ಲಿ ಟ್ಯಾಲೆಂಟ್ ಎಲ್ಲಿ ಬಂತು? ಕಂಪ್ಯೂಟರ್ ಚೀಟಿ ಎತ್ತೋವಾಗ ಜಿಪಿಎ ನೋಡತ್ತಾ?

ಈ ಕನ್ಸಲ್ಟೆನ್ಸಿ ನಡೆಸೋರಲ್ಲಿ ಎಷ್ಟೋ ಮಂದಿ ಬೇರೆ ಯಾರೂ ಅಲ್ಲ, ನಮ್ಮವರೇ. ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚೋರು, ಯುಗಾದಿ ಕಾರ್ಯಕ್ರಮಕ್ಕೆ ದುಡ್ಡು ಕೊಡೋರು. ಓಪಿಟಿಯ ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರೋ ಹಾಗಿಲ್ಲ ಅನ್ನೋ ಹೆದರಿಕೆಯನ್ನೇ ಬಂಡವಾಳ ಮಾಡ್ಕೊಂಡು, ಹೊಸ ಹುಡುಗನ ರೆಸ್ಯೂಮೆಯಲ್ಲಿ ಐದು ವರ್ಷದ ಅನುಭವ ಬರೀತಾರೆ. ಎಚ್-ಒನ್ ಅರ್ಜಿಯ ಖರ್ಚನ್ನೂ ಹುಡುಗನಿಂದಲೇ ವಸೂಲಿ ಮಾಡ್ತಾರೆ. ಅದರಲ್ಲಿ ತರಬೇತಿ ನಿಧಿಯ ಶುಲ್ಕವನ್ನಂತೂ ಮಾಲೀಕನೇ ಕೊಡಬೇಕು, ನೌಕರನಿಂದ ತಗೊಳ್ಳೋದು ಕಾನೂನುಬಾಹಿರ. ಇದು ಗೊತ್ತಿದ್ದೂ ನಾವು 'ಪಾಪ, ಹುಡುಗರಿಗೆ ಸಹಾಯ ಮಾಡ್ತಾರೆ' ಅಂತ ಅವರಿಗೆ ಶಾಲು ಹೊದಿಸ್ತೀವಿ.

'ಬಂದೋರಲ್ಲಿ ಎಷ್ಟೋ ಜನ ಉಳ್ಕೊಂಡಿದಾರಲ್ಲ, ಯಾಕ್ರೀ ಹೆದರಿಸ್ತೀರಿ?' ಅಂತ ನೀವು ಕೇಳಬಹುದು. ಉಳ್ಕೊಂಡಿದಾರೆ, ನಿಜ. ಬರಬೇಡಿ ಅಂತ ನಾನು ಯಾರಿಗೂ ಹೇಳ್ತಿಲ್ಲ. ಈ ದೇಶ ನನಗೆ ಅನ್ನ ಕೊಟ್ಟಿದೆ. ಆದ್ರೆ ಉಳ್ಕೊಂಡವರು ಮಾತ್ರ ಪೂಜೆಗೆ ಬಂದು ಮಾತಾಡ್ತಾರೆ. ವಾಪಸ್ ಹೋದವನ ಮಾತು ಇಲ್ಲಿ ಯಾರಿಗೂ ಕೇಳಿಸೋದಿಲ್ಲ.

ಅದೂ ಅಲ್ದೆ ಮುಂದಿನ ದಾರಿ ಹೊಸಬರಿಗೆ ಇನ್ನೂ ಕಿರಿದಾಗ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-ಒನ್ ಅರ್ಜಿಗೆ ಒಂದು ಲಕ್ಷ ಡಾಲರ್ ಅಂತ ಘೋಷಣೆ ಆಯ್ತು. ಅಮೆರಿಕದೊಳಗೇ ಸ್ಟೇಟಸ್ ಬದಲಿಸಿಕೊಳ್ಳೋ ವಿದ್ಯಾರ್ಥಿಗಳಿಗೆ ಅದು ಅನ್ವಯ ಆಗಲ್ಲ ಅನ್ನೋ ವಿವರಣೆ ಬಂದಿದ್ದು ಅಕ್ಟೋಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಇನ್ನೊಂದು ನಿಯಮ: 2026ರ ಲಾಟರಿಯಿಂದ ಸಂಬಳದ ನಾಲ್ಕನೇ ಹಂತದಲ್ಲಿ ಇರೋರ ಹೆಸರು ನಾಲ್ಕು ಸಲ ಡಬ್ಬಿಗೆ, ಮೊದಲ ಹಂತದೋರದ್ದು ಒಂದೇ ಸಲ. ಈಗಷ್ಟೇ ಓದು ಮುಗಿಸಿದ ಹುಡುಗ-ಹುಡುಗಿಯರು ಸಾಮಾನ್ಯವಾಗಿ ಯಾವ ಹಂತದಲ್ಲಿ ಇರ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಇಲ್ಲಿರೋ ನಮ್ಮ ಮಂದಿಗೆ ನಂದೊಂದು ವಿನಂತಿ. ವಿನಂತಿ ಅಲ್ಲ, ಜಗಳ ಅಂತಲೇ ಇಟ್ಕೊಳ್ಳಿ. ಊರಿಂದ ಯಾರಾದ್ರೂ ಫೋನ್ ಮಾಡಿ ಕೇಳಿದ್ರೆ ಮೊದಲು ಅಂಕಿ ಹೇಳಿ, ಆಶೀರ್ವಾದ ಆಮೇಲೆ ಮಾಡಿ. "ಚೀಟಿ ಬರದೇ ಮೂರು ವರ್ಷಕ್ಕೆ ವಾಪಸ್ ಬಂದ್ರೆ, ಬೆಂಗಳೂರಿನ ಸಂಬಳದಲ್ಲಿ ಈ ಸಾಲ ತೀರಿಸೋಕಾಗತ್ತಾ?" ಅಂತ ಕೇಳಿ. ಆಗತ್ತೆ ಅಂದ್ರೆ ಖುಷಿಯಾಗಿ ಬರಲಿ. ಆಗಲ್ಲ ಅಂದ್ರೆ ಮನೆ ಪತ್ರ ಬೀರುವಲ್ಲೇ ಇರಲಿ.

ಅಕ್ಕನ ಮಗ ಈಗ ಬೆಂಗಳೂರಲ್ಲಿ ಕೆಲಸದಲ್ಲಿದಾನೆ, ಸಾಲದ ಕಂತು ಕಟ್ತಿದಾನೆ. ಅವನಿಗೆ ಕಷ್ಟ ಆಗ್ತಿರೋದು ಕಂತಿನಿಂದಲ್ಲ. ಪ್ರತಿ ಮದುವೆಮನೇಲೂ ಯಾರಾದ್ರೊಬ್ಬರು "ಯಾಕಪ್ಪಾ, ಅಮೆರಿಕದಲ್ಲಿ ಆಗ್ಲಿಲ್ವಾ?" ಅಂತ ಕೇಳ್ತಾರಂತೆ. ಹೋದ ತಿಂಗಳು ಚಿಕ್ಕಮ್ಮನ ಮಗಳ ಮದುವೆಗೆ ಅವನು ಹೋಗಲೇ ಇಲ್ಲ ಅಂತ ಅಕ್ಕ ಫೋನಲ್ಲಿ ಹೇಳಿ ಅತ್ತಳು.

ಆ ಪೂಜೆಮನೆಯ ಹುಡುಗನ ನಂಬರ್ ಇಸ್ಕೊಂಡಿದೀನಿ. ನಾಳೆ ಫೋನ್ ಮಾಡ್ತೀನಿ. ನೀವೂ ಯಾರಿಗಾದ್ರೂ ಮಾಡಬೇಕಿದೆಯಾ, ನೋಡಿ.