ಉಳಿಗೂ ಶಾಲೆಯಲ್ಲಿ ಸ್ಥಾನವಿರಲಿ

'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದರೆ ನಮ್ಮ ವಿದ್ಯಾರ್ಥಿಗಳು ಒಂದು ಪುಟ ತುಂಬ ಬರೆಯುತ್ತಾರೆ. ಒಳ್ಳೆಯ ಅಂಕಗಳನ್ನೂ ಪಡೆಯುತ್ತಾರೆ. ಆದರೆ ಆ ಪುಟವನ್ನು ಬರೆದ ಕೈ ಕೆಸರನ್ನಾಗಲಿ ಮರದ ಹುಡಿಯನ್ನಾಗಲಿ ಮುಟ್ಟಿರುವುದು ಅಪರೂಪ. ದುಡಿಮೆಯನ್ನು ಬಾಯಲ್ಲಿ ಹೊಗಳಿ ಕೈಯಿಂದ ದೂರವಿಡುವ ವಿದ್ಯೆ ಪೂರ್ಣ ವಿದ್ಯೆಯೆನಿಸೀತೆ? ಹತ್ತನೆಯ ತರಗತಿ ಮುಗಿಸಿ ಹೊರಡುವ ಪ್ರತಿಯೊಬ್ಬ ಹುಡುಗನೂ ಹುಡುಗಿಯೂ ಉಳಿ ಹಿಡಿದು, ಮರದಲ್ಲಿ ಒಂದಾದರೂ ನೇರವಾದ ಕುಳಿಯನ್ನು ಕೊರೆದಿರಬೇಕು ಎಂಬುದು ನಮ್ಮ ಅಭಿಪ್ರಾಯ.

ಒಂದು ಕುಳಿಯಲ್ಲಿ ಕಲಿಯುವುದೇನಿದೆ ಎಂದು ಕೇಳುವವರು ತಮ್ಮ ಮನೆಯ ಮರದ ಬಾಗಿಲನ್ನೊಮ್ಮೆ ನೋಡಬೇಕು. ಎರಡು ನಿಲುವು ಪಟ್ಟಿಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ಅಡ್ಡಪಟ್ಟಿಯ ತುದಿಯನ್ನು ನಾಲಗೆಯಂತೆ ತೆಳುವಾಗಿಸಿ, ನಿಲುವು ಪಟ್ಟಿಯಲ್ಲಿ ಅದಕ್ಕೆ ಸರಿಯಾದ ಕುಳಿ ತೋಡಿ ಕೂಡಿಸಿರುತ್ತಾರೆ. ಈ ವಿದ್ಯೆ ಎಷ್ಟು ಹಳೆಯದೆಂದರೆ, ಜರ್ಮನಿಯ ಲೈಪ್‌ಜಿಗ್ ಪಟ್ಟಣದ ಸುತ್ತಮುತ್ತ ಅಗೆದಾಗ ದೊರೆತ, ಓಕ್ ಮರದಿಂದ ಕಟ್ಟಿದ ಬಾವಿಗಳಲ್ಲಿ ಇದೇ ಬಗೆಯ ಕೂಡಿಕೆಗಳಿವೆ. ಅವು ಏಳು ಸಾವಿರ ವರ್ಷಗಳಷ್ಟು ಹಿಂದಿನವೆಂದು 2012ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಲೋಹದ ಉಳಿಯೇ ಇಲ್ಲದ ಆ ಕಾಲದಲ್ಲಿ ಜನರು ಕಲ್ಲಿನ ಹತಾರುಗಳಿಂದ ಮರವನ್ನು ಕಡಿದು ಕೊರೆದು ಕೂಡಿಸಿದ್ದರು.

ಕೆಲಸದ ಕ್ರಮ ಹೇಳಲು ಸುಲಭ. ಮರದ ದಪ್ಪವನ್ನು ಮೂರು ಪಾಲು ಮಾಡಿ ನಡುವಿನ ಒಂದು ಪಾಲನ್ನು ಕುಳಿಗೆ ಬಿಡುವುದು ವಾಡಿಕೆ. ಒಂದೂವರೆ ಅಂಗುಲ ದಪ್ಪದ ಮರಕ್ಕೆ ಅರ್ಧ ಅಂಗುಲದ ಕುಳಿ, ಅದಕ್ಕೆ ಅರ್ಧ ಅಂಗುಲದ್ದೇ ಉಳಿ. ಗೆರೆಯನ್ನು ಪೆನ್ಸಿಲಿನಿಂದಲ್ಲ, ಚೂರಿಯ ಮೊನೆಯಿಂದ ಗೀರಬೇಕು. ಪೆನ್ಸಿಲಿನ ಗೆರೆಗೆ ಒಂದು ದಪ್ಪವಿದೆ. ಅದರ ಯಾವ ಬದಿಯಲ್ಲಿ ಕಡಿಯಬೇಕೆಂಬ ಸಂಶಯ ಹುಟ್ಟುತ್ತದೆ. ಚೂರಿಯ ಗೀರು ಮರದ ನಾರನ್ನೇ ಕತ್ತರಿಸುವುದರಿಂದ ಉಳಿಯ ಬಾಯಿ ಅಲ್ಲಿಯೇ ಕೂರುತ್ತದೆ, ಅಂಚು ಸಿಗಿಯುವುದಿಲ್ಲ. ಬಳಿಕ ಉಳಿಯನ್ನು ನೆಟ್ಟಗೆ ನಿಲ್ಲಿಸಿ, ಕೊಡತಿಯಿಂದ ಹೊಡೆದು, ನಡುವಿನಿಂದ ತುದಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತ ಚಕ್ಕೆ ತೆಗೆಯಬೇಕು. ತುದಿಯ ಗೆರೆಗಿಂತ ಅಕ್ಕಿಕಾಳಿನ ದಪ್ಪದಷ್ಟು ಒಳಗೇ ನಿಲ್ಲಬೇಕು. ಚಕ್ಕೆ ಎಬ್ಬಿಸುವಾಗ ಜಜ್ಜಿಹೋಗುವುದು ಆ ಅಂಚು. ಅದನ್ನು ಕೊನೆಯಲ್ಲಿ ಒಂದೇ ಪೆಟ್ಟಿಗೆ ಹಸನು ಮಾಡಬೇಕು. ಆರಪಾರ ಹೋಗುವ ಕುಳಿಯಾದರೆ ಒಂದು ಮುಖದಿಂದ ಅರ್ಧ, ಮರವನ್ನು ತಿರುಗಿಸಿ ಇನ್ನೊಂದು ಮುಖದಿಂದ ಅರ್ಧ ತೋಡಬೇಕು. ಒಂದೇ ಕಡೆಯಿಂದ ಹೊಡೆಯುತ್ತ ಹೋದರೆ ಆಚೆಯ ಮುಖ ಸಿಗಿದು ಏಳುತ್ತದೆ.

ಕುಳಿಯ ಗೋಡೆ ಸ್ವಲ್ಪ ಓರೆಯಾದರೆ ಏನಾಯಿತು ಎಂದು ಕೆಲವರು ಕೇಳಬಹುದು. ಓರೆ ಗೋಡೆಯ ಕುಳಿಯಲ್ಲಿ ನಾಲಗೆ ಬಾಯಿಯ ಬಳಿ ಮಾತ್ರ ತಾಗುತ್ತದೆ, ಒಳಗೆ ಪೊಳ್ಳು. ಅಂಟು ಎಷ್ಟು ಮೆತ್ತಿದರೂ ಮರಕ್ಕೆ ಮರ ಮುಟ್ಟದಲ್ಲಿ ಅದು ಹಿಡಿಯದು. ಹೊಸದರಲ್ಲಿ ಬಾಗಿಲು ಚೆನ್ನಾಗಿಯೇ ಕಾಣುತ್ತದೆ. ನಮ್ಮ ಕಾಸರಗೋಡಿನ ಮಳೆಗಾಲ ಬಂದಾಗ ಮರ ನೀರಿನ ಪಸೆ ಕುಡಿದು ಅಗಲಕ್ಕೆ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ. ಈ ಎಳೆದಾಟದಲ್ಲಿ ಪೊಳ್ಳು ಕೂಡಿಕೆ ಸಡಿಲವಾಗಿ ಬಾಗಿಲು ಜೋತುಬೀಳುತ್ತದೆ. ಇದನ್ನು ಅರಿತೇ ನಮ್ಮ ಹಿರಿಯ ಆಚಾರಿಗಳು ಬಾಗಿಲಿನ ನಡುವಿನ ಹಲಗೆಯನ್ನು ಅಂಟಿಸದೆ, ಸುತ್ತಲಿನ ಪಟ್ಟಿಗಳಲ್ಲಿ ಉದ್ದನೆಯ ಕಚ್ಚು ತೆಗೆದು ಅದರೊಳಗೆ ಸುಮ್ಮನೆ ಕೂರಿಸುತ್ತಾರೆ. ಉಬ್ಬಲು ಕುಗ್ಗಲು ಅದಕ್ಕೆ ಎಡೆಯಿರುತ್ತದೆ. ಇದು ವಿಜ್ಞಾನದ ಪಾಠವಲ್ಲವೆ?

ಉಳಿಯ ಕೆಲಸದ ಮೌಲ್ಯಮಾಪನ ಬೇರೆಯೇ ರೀತಿಯದು. ಉತ್ತರಪತ್ರಿಕೆಯಲ್ಲಿ ಅರ್ಧ ಸರಿಯಾದ ಉತ್ತರಕ್ಕೆ ಅರ್ಧ ಅಂಕವಿದೆ. ಅಂದವಾದ ಅಕ್ಷರಕ್ಕೆ ಅಧ್ಯಾಪಕರ ಮನಸ್ಸು ಕರಗುವುದೂ ಉಂಟು. ಕುಳಿಗೆ ಇಂಥ ದಾಕ್ಷಿಣ್ಯವಿಲ್ಲ. ನಾಲಗೆ ಕೂತರೆ ಕೂತಿತು, ಇಲ್ಲವಾದರೆ ಇಲ್ಲ. ಮಾಡಿದ ಕೈಗೇ ಅದು ಮೊದಲು ತಿಳಿಯುತ್ತದೆ, ಅಧ್ಯಾಪಕರು ಹೇಳಬೇಕಾಗಿಲ್ಲ. ತನ್ನ ಕೆಲಸವನ್ನು ತಾನೇ ತೂಗಿ ನೋಡುವ ಈ ಅಭ್ಯಾಸ ಹದಿನೈದನೆಯ ವಯಸ್ಸಿನಲ್ಲಿ ಬಂದರೆ ಮುಂದೆ ವೈದ್ಯನಾದರೂ ಗುಮಾಸ್ತನಾದರೂ ಅದು ಜೊತೆಗಿರುತ್ತದೆ.

ಕನ್ನಡ ಕಲಿಸುವವರಾದ ನಮಗೆ ಇನ್ನೊಂದು ಚಿಂತೆಯೂ ಇದೆ. ಉಳಿ, ಕೊಡತಿ, ಬಾಚಿ, ಕೀಸುಳಿ, ಬೈರಿಗೆ, ಬೆಣೆ, ಕಚ್ಚು, ಮೂಲೆಮಟ್ಟ ಎಂಬ ಮಾತುಗಳು ನಿಘಂಟಿನಲ್ಲಿ ಭದ್ರವಾಗಿವೆ. ಆದರೆ ಮಕ್ಕಳ ನಾಲಗೆಯ ಮೇಲಿಲ್ಲ. 'ಮಟ್ಟಸವಾದ ಕೆಲಸ' ಎಂದು ಬರೆಯುವವರಿಗೆ ಅದರೊಳಗಿನ 'ಮಟ್ಟ' ಕಾಣುವುದಿಲ್ಲ. ಉಳಿಗೆ ಕನ್ನಡದಲ್ಲೂ ತುಳುವಿನಲ್ಲೂ ಮಲಯಾಳದಲ್ಲೂ ತಮಿಳಿನಲ್ಲೂ ಹೆಸರು ಉಳಿಯೇ. ರಾಜ್ಯಗಳ ಗಡಿ 1956ರಲ್ಲಿ ಬದಲಾಯಿತು, ಈ ಹೆಸರು ಬದಲಾಗಲಿಲ್ಲ. ಭಾಷೆಯನ್ನು ಉಳಿಸಬೇಕೆಂದು ಗಡಿನಾಡಿನ ನಾವು ಸಭೆಗಳಲ್ಲಿ ಹೇಳುತ್ತೇವೆ, ಹೇಳಲೇಬೇಕು. ಆದರೆ ಕೆಲಸ ಹೋದಮೇಲೆ ಅದರ ಮಾತು ಬಹಳ ದಿನ ಬಾಳದು. ಉಳಿ ಎಂಬ ಮಾತು ಉಳಿಯಬೇಕಾದರೆ ಉಳಿ ಕೈಯಲ್ಲಿರಬೇಕು.

ಯಂತ್ರಗಳ ಕಾಲದಲ್ಲಿ ಇದೆಲ್ಲ ಏಕೆ ಎಂಬ ಆಕ್ಷೇಪವಿದೆ. ಯಂತ್ರದ ಮೇಲೆ ನಮಗೆ ಹಗೆಯಿಲ್ಲ. ರೂಟರ್ ಎಂಬ ವಿದ್ಯುತ್ ಯಂತ್ರ ಕೆಲವೇ ನಿಮಿಷಗಳಲ್ಲಿ ನೇರ ಗೋಡೆಯ ಕಚ್ಚು ತೆಗೆಯುತ್ತದೆ. ಆದರೆ ತಿರುಗುವ ಅಲಗು ಕುಳಿಯ ತುದಿಗಳನ್ನು ದುಂಡಗೆ ಬಿಡುತ್ತದೆ; ಮೂಲೆ ಚೌಕವಾಗಬೇಕಾದರೆ ಮತ್ತೆ ಉಳಿಯೇ ಬೇಕು. ಚೌಕ ಕುಳಿ ತೋಡುವ ಯಂತ್ರವೂ ಇದೆ. ಅದರಲ್ಲಿ ಬೈರಿಗೆಯ ಸುತ್ತ ಕೂರಿಸಿರುವುದು ನಾಲ್ಕು ಅಂಚಿನ ಟೊಳ್ಳು ಉಳಿಯನ್ನೇ! ಕೈಯಿಂದ ಕಲಿತವನಿಗೆ ಯಂತ್ರ ಒಳ್ಳೆಯ ಆಳು. ಕಲಿಯದವನಿಗೆ ಅದು ತಪ್ಪನ್ನು ಬೇಗ ಮಾಡಿಕೊಡುವ ಸಾಧನ.

ಹೆತ್ತವರ ಆಕ್ಷೇಪ ಇನ್ನೂ ಆಳವಾದುದು. 'ಮಗನನ್ನು ಶಾಲೆಗೆ ಕಳುಹಿಸಿದ್ದು ಬಡಗಿಯಾಗಲಿಕ್ಕೆ ಅಲ್ಲ' ಎಂಬ ಮಾತಿನಲ್ಲಿ ಭವಿಷ್ಯದ ಕಾಳಜಿಯಿದೆ ನಿಜ. ಜೊತೆಗೆ ಕೈಕೆಲಸವೆಂದರೆ ಇಂಥ ಜಾತಿಯವರದು, ಕಡಮೆಯದು ಎಂಬ ಹಳೆಯ ಭಾವನೆಯೂ ಅಡಗಿದೆ. ಎಲ್ಲರೂ ಬಡಗಿಗಳಾಗಬೇಕೆಂದು ಯಾರೂ ಹೇಳುವುದಿಲ್ಲ. ಕವಿತೆ ಓದಿದವರೆಲ್ಲ ಕವಿಗಳಾಗುವುದಿಲ್ಲವಷ್ಟೆ. ಎಲ್ಲ ಮನೆಗಳ ಮಕ್ಕಳೂ ಒಂದೇ ಮೇಜಿನ ಬಳಿ ನಿಂತು ಉಳಿ ಹಿಡಿದಾಗ, ಆ ಕೆಲಸ ಎಷ್ಟು ಕಷ್ಟದ್ದೆಂದು ತಿಳಿದು, ಅದನ್ನು ಮಾಡುವವರ ಮೇಲೆ ಗೌರವ ಹುಟ್ಟುತ್ತದೆ. ಅಪ್ಪನೇ ಆಚಾರಿಯಾಗಿರುವ ಮಗುವಿಗೆ ಅಂದು ತಲೆಯೆತ್ತಿ ನಿಲ್ಲುವ ಅವಕಾಶವೂ ಒದಗುತ್ತದೆ. ಭಾಷಣಗಳಿಂದ ಆಗದ್ದು ಇದರಿಂದ ಆದೀತು.

ಈ ವಿಚಾರ ಹೊಸದೇನೂ ಅಲ್ಲ. 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ಶಿಕ್ಷಣವಾಗಬೇಕೆಂದರು. 1964-66ರ ಕೊಠಾರಿ ಆಯೋಗ 'ಕಾರ್ಯಾನುಭವ'ವನ್ನು ಶಿಫಾರಸು ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ, ಊರಿನ ಬಡಗಿ, ತೋಟಗಾರ, ಕುಂಬಾರರಂಥವರ ಬಳಿ ಕಲಿಯಲೆಂದು ಹೇಳುತ್ತದೆ. ನಮ್ಮ ರಾಜ್ಯದ ವೃತ್ತಿಪರಿಚಯ ಮೇಳದಲ್ಲಿ ಮರದ ಕೆಲಸವೂ ಒಂದು ಸ್ಪರ್ಧೆ. ಆದರೆ ಸ್ಪರ್ಧೆಗೆ ಹೋಗುವವರು ಬೆರಳೆಣಿಕೆಯ ಮಂದಿ. ಉಳಿದವರಿಗೆ ಅದು ಚಪ್ಪಾಳೆ ತಟ್ಟುವ ಸಂಗತಿ ಮಾತ್ರ.

ಬೇಕಾಗಿರುವುದು ದೊಡ್ಡ ಕಾರ್ಯಾಗಾರವಲ್ಲ. ಅಲ್ಲಾಡದ ಎರಡು ಮೇಜು, ಮರವನ್ನು ಬಿಗಿಯುವ ಹಿಡಿಕೆ, ಹತ್ತು ಉಳಿ, ನಾಲ್ಕು ಕೊಡತಿ, ಒಂದು ಸಾಣೆಕಲ್ಲು. ಮಿಲ್ಲಿನಲ್ಲಿ ಉಳಿಯುವ ಹಲಸಿನ ಮರದ ತುಂಡುಗಳು. ಕಲಿಸಲು ಊರಿನ ಹಿರಿಯ ಆಚಾರಿಯೊಬ್ಬರನ್ನು ಸಂಭಾವನೆ ಕೊಟ್ಟು, 'ಗುರುಗಳೇ' ಎಂದು ಕರೆದು ಕರೆತರಬೇಕು. ಅಪಾಯದ ಭಯವೂ ಬೇಡ: ಮರವನ್ನು ಮೇಜಿಗೆ ಬಿಗಿದು, ಎರಡೂ ಕೈಗಳು ಉಳಿಯ ಬಾಯಿಯ ಹಿಂದೆಯೇ ಇದ್ದರೆ ಗಾಯವಾಗುವುದು ವಿರಳ. ಮೊಂಡು ಉಳಿಯೇ ಹೆಚ್ಚು ಅಪಾಯಕಾರಿ. ಅದಕ್ಕೆ ಬಲ ಹಾಕಬೇಕಾಗುತ್ತದೆ, ಆಗ ಜಾರುತ್ತದೆ. ಆದ್ದರಿಂದ ಮೊದಲ ಪಾಠ ಸಾಣೆಯದಾಗಿರಲಿ.

ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಅಂಕಪಟ್ಟಿಯ ಮಾತು ಮುಗಿದ ಬಳಿಕ ಹತ್ತು ನಿಮಿಷ ಈ ಮಾತಿಗೂ ಮೀಸಲಾಗಲಿ ಎಂದು ಹೆತ್ತವರಲ್ಲಿ ವಿನಂತಿಸುತ್ತೇವೆ. ವಿದ್ಯಾರ್ಥಿಗಳೇ, ನೀವು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನಿಮ್ಮ ಮನೆಯ ಬಾಗಿಲಿನ ಕೂಡಿಕೆಯ ಮೇಲೆ ಉಗುರು ಆಡಿಸಿ ನೋಡಿ. ಎಡೆ ತಿಳಿಯದಿದ್ದರೆ, ಅದನ್ನು ಮಾಡಿದವರು ಯಾರೆಂದು ಹಿರಿಯರನ್ನು ಕೇಳಿ ಹೆಸರು ತಿಳಿದುಕೊಳ್ಳಿ.