ಮಂದಧ್ವನಿಗೆ ಮೊದಲ ಕಾವಲು



ಮುಂಡಗೋಡ ತಾಲೂಕಿನ ಚಿಗಳ್ಳಿಯ ಮನೆಯೊಂದಕ್ಕೆ ಕಳೆದ ಮಳೆಗಾಲದಲ್ಲಿ ಹೋಗುವ ಪ್ರಸಂಗ ಒದಗಿತು. ಆ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ವಚನಗಳನ್ನೂ ಬೀಸುವ ಕಲ್ಲಿನ ಪದಗಳನ್ನೂ ಕಂಠಸ್ಥವಾಗಿ ಹಾಡಬಲ್ಲ ಆ ತಾಯಿಯ ದನಿ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿದೆ. ಅದನ್ನು ಉಳಿಸಿಕೊಳ್ಳಬೇಕೆಂಬ ಹಂಬಲದಿಂದ, ಡಿಪ್ಲೊಮಾ ಓದುತ್ತಿರುವ ಮೊಮ್ಮಗನು ತನ್ನ ಕೈಯಾರೆ ಒಂದು ಕಂಡೆನ್ಸರ್ ಮೈಕನ್ನು ಜೋಡಿಸಿ, ಒಂದು ಸಂಜೆಯ ಹಾಡುಗಾರಿಕೆಯನ್ನೆಲ್ಲ ಮುದ್ರಿಸಿಕೊಂಡಿದ್ದನು. ಕೇಳಿ ನೋಡಿದರೆ ಹಾಡಿಗಿಂತ ಗುಂಯ್ಗುಡುವ ಸದ್ದೇ ಹೆಚ್ಚು. “ತಮ್ಮಾ, ಇದರಾಗ ನನ್ನ ದನೀಕಿಂತ ದುಂಬೀ ದನೀನ ದೊಡ್ಡದಾಗೇತಲ್ಲೋ” ಎಂದು ಅಜ್ಜಿ ನಕ್ಕರು. ಹುಡುಗನು ನಗಲಿಲ್ಲ. ಆ ಸಂಜೆ ಹಾಡಿದ ಎರಡು ಪದಗಳು ಮರುದಿನ ಅಜ್ಜಿಗೆ ಪೂರ್ತಿಯಾಗಿ ನೆನಪಾಗಲಿಲ್ಲವೆಂಬುದು ಅವನ ದುಃಖಕ್ಕೆ ಕಾರಣವಾಗಿತ್ತು.

ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಪ್ರವಚನದ ಧ್ವನಿವರ್ಧಕವನ್ನು ನೋಡಿಕೊಳ್ಳುವ ಸೇವೆ ನನ್ನ ಪಾಲಿಗೆ ಬಂದಿತ್ತು. ಆ ಸಲಿಗೆಯಿಂದ ಅವನ ಜೋಡಣೆಯನ್ನು ಬಿಚ್ಚಿ ನೋಡಿದೆ. “ಅಜ್ಜಾರ, ಇನ್ನೂ ತುಟ್ಟಿ ಮೈಕಿನ ಬಿಲ್ಲೆ ತರಿಸಬೇಕೇನ್ರಿ?” ಎಂದು ಕೇಳಿದನು. ಬಿಡಿಭಾಗಗಳಲ್ಲಿ ದೋಷವಿರಲಿಲ್ಲ, ದೋಷವಿದ್ದುದು ಅವುಗಳನ್ನು ಇರಿಸಿದ ರೀತಿಯಲ್ಲಿ.

ಇದನ್ನು ತಿಳಿಯಲು ಕಂಡೆನ್ಸರ್ ಮೈಕಿನ ಮರ್ಮವನ್ನು ಅರಿಯಬೇಕು. ಒಂದು ಸ್ಥಿರವಾದ ತಗಡು. ಅದರೆದುರು ಕೂದಲೆಳೆಯಷ್ಟು ಅಂತರದಲ್ಲಿ ಅತಿ ತೆಳುವಾದ ಒಂದು ಪೊರೆ. ಎರಡರ ನಡುವೆ ವಿದ್ಯುದಾವೇಶ ನೆಲೆಸಿರುತ್ತದೆ. ದನಿ ತಾಗಿ ಪೊರೆ ಕಂಪಿಸಿದಾಗ ಅಂತರವು ಹೆಚ್ಚುಕಡಿಮೆಯಾಗಿ, ವೋಲ್ಟೇಜು ದನಿಯಂತೆಯೇ ಏರಿಳಿಯುತ್ತದೆ. ಅಮೇರಿಕೆಯ ಇ. ಸಿ. ವೆಂಟೆ ಎಂಬ ವಿಜ್ಞಾನಿ 1916ರಲ್ಲಿ ಇದನ್ನು ರೂಪಿಸಿದನು. ಅದಕ್ಕೆ ಹೊರಗಿನಿಂದ ಹೆಚ್ಚಿನ ವೋಲ್ಟೇಜು ಕೊಡಬೇಕಾಗುತ್ತಿತ್ತು. 1962ರಲ್ಲಿ ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬವರು ಆವೇಶವನ್ನು ಬಹುಕಾಲ ಹಿಡಿದಿಡಬಲ್ಲ ಪ್ಲಾಸ್ಟಿಕ್ ಪೊರೆಯನ್ನು ಬಳಸಿ ಎಲೆಕ್ಟ್ರೆಟ್ ಮೈಕನ್ನು ಸಿದ್ಧಪಡಿಸಿದರು. ಇಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುವ, ಅಂಗಿಯ ಗುಂಡಿಯಷ್ಟು ಚಿಕ್ಕದಾದ ಬಿಲ್ಲೆ ಇದೇ ಜಾತಿಯದು. ಅದರ ಹೊಟ್ಟೆಯಲ್ಲೇ ಒಂದು ಪುಟ್ಟ ಟ್ರಾನ್ಸಿಸ್ಟರು ಅಡಗಿರುತ್ತದೆ.

ಸಾಮಾನ್ಯ ಮಾತಿಗೆ ಈ ಬಿಲ್ಲೆ ಕೊಡುವುದು ಒಂದು ವೋಲ್ಟಿನ ಸಾವಿರದೊಂದು ಭಾಗದ ಆಸುಪಾಸು, ಅನೇಕ ವೇಳೆ ಅದಕ್ಕೂ ಕಡಿಮೆ. ಮನೆಯ ಗೋಡೆಯಲ್ಲಿ ಹರಿಯುವುದಾದರೋ 230 ವೋಲ್ಟು, ಸೆಕೆಂಡಿಗೆ 50 ಆವರ್ತನಗಳು. ಇಷ್ಟು ಬಲಾಢ್ಯವಾದುದರ ನೆರೆಯಲ್ಲಿ ಅಷ್ಟು ಮೃದುವಾದುದು ಕಲುಷಿತವಾಗದಿರುವುದೆಂತು? ಆಂಪ್ಲಿಫೈಯರಿಗೆ ಅಜ್ಜಿಯ ದನಿ ಯಾವುದು, ಕರೆಂಟಿನ ಗುಂಯ್ಗಾನ ಯಾವುದು ಎಂಬ ವಿವೇಕವಿಲ್ಲ. ಬಂದುದನ್ನೆಲ್ಲ ಸಮನಾಗಿ ಹಿಗ್ಗಿಸುವುದಷ್ಟೆ ಅದರ ಧರ್ಮ.

ಹುಡುಗನ ಜೋಡಣೆಯಲ್ಲಿ ಮೂರು ತಪ್ಪುಗಳಿದ್ದವು. ಅಗ್ಗದ ಅಡಾಪ್ಟರಿನಿಂದ ನೇರವಾಗಿ ಮೈಕಿಗೆ ವಿದ್ಯುತ್ತು ಕೊಟ್ಟಿದ್ದನು. ಬಿಲ್ಲೆಯಿಂದ ಹಲಗೆಗೆ ಮೊಳದುದ್ದದ ಸಾದಾ ತಂತಿಯನ್ನು ಕರೆಂಟಿನ ತಂತಿಯ ಪಕ್ಕದಲ್ಲೇ ಎಳೆದಿದ್ದನು. ಋಣ ತುದಿಗಳನ್ನು ಸಿಕ್ಕಸಿಕ್ಕಲ್ಲಿ ಕೂಡಿಸಿದ್ದನು. ಅವೇ ಬಿಡಿಭಾಗಗಳಿಗೆ ಒಂದೆರಡನ್ನು ಸೇರಿಸಿ ಹೀಗೆ ತಿದ್ದಿದೆವು.

ಅಡಾಪ್ಟರಿನ ಬದಲು 9 ವೋಲ್ಟಿನ ಬ್ಯಾಟರಿ. ಮೈಕು ಎಳೆಯುವ ಕರೆಂಟು ಸಾಮಾನ್ಯವಾಗಿ ಅರ್ಧ ಮಿಲಿಆಂಪಿಯರನ್ನು ಮೀರದಾದ್ದರಿಂದ ಬ್ಯಾಟರಿ ಬಹುದಿನ ಬರುತ್ತದೆ. ಅದರ ಧನ ತುದಿಯಿಂದ ಮೊದಲು 1,000 ಓಮಿನ ರೆಸಿಸ್ಟರು. ಅದರಾಚೆ 47 ಮೈಕ್ರೋಫ್ಯಾರಡಿನ ಕೆಪಾಸಿಟರು ಋಣಕ್ಕೆ. ಇದು ಬೆಲ್ಲದ ಪಾಕವನ್ನು ಸೋಸುವ ಬಟ್ಟೆಯಿದ್ದಂತೆ: ನಾಳೆ ಅಡಾಪ್ಟರನ್ನೇ ಹಚ್ಚಬೇಕಾಗಿ ಬಂದರೂ, ಅದರ 100 ಆವರ್ತನದ ಅಲುಗಾಟವನ್ನು ಸುಮಾರು ಮೂವತ್ತರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಅಲ್ಲಿಂದ 2,200 ಓಮಿನ ರೆಸಿಸ್ಟರಿನ ಮೂಲಕ ಬಿಲ್ಲೆಯ ಧನ ತುದಿಗೆ. ಅದೇ ತುದಿಯಿಂದ 1 ಮೈಕ್ರೋಫ್ಯಾರಡಿನ ಪ್ಲಾಸ್ಟಿಕ್ ಕೆಪಾಸಿಟರಿನ ಮೂಲಕ ದನಿಯು ಹೊರಗೆ. ಬಿಲ್ಲೆಯ ಹೊರಕವಚಕ್ಕೆ ಕೂಡಿಕೊಂಡಿರುವ ತುದಿಯೇ ಋಣವೆಂಬುದನ್ನು ಮರೆಯಬಾರದು.

ಇನ್ನು ಜೋಡಣೆಯ ಕ್ರಮ. ಬಿಲ್ಲೆಯನ್ನು ಹಲಗೆಯ ಒಂದು ಅಂಚಿಗೇ ಕೂಡಿಸಿ, ತಂತಿಯನ್ನು ಬೆರಳಿನ ಅಗಲಕ್ಕೆ ಇಳಿಸಿದೆವು. ದನಿಯು ಒಂದು ಅಂಚಿನಿಂದ ಪ್ರವೇಶಿಸಿ ಎದುರಿನ ಅಂಚಿನಿಂದ ಹೊರಡಬೇಕು, ಹಿಂದಿರುಗಿ ಸುತ್ತಬಾರದು. ಮುಂದೆ ಹಿಗ್ಗಿಸುವ ಭಾಗವನ್ನೂ ಅದೇ ಹಲಗೆಯಲ್ಲಿ ಸೇರಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹೊರಡುವ ತಂತಿ ಒಳಬರುವ ತಂತಿಯ ಸಮೀಪ ಹಾಯ್ದರೆ ಮೈಕು ತಾನೇ ಕಿರುಚತೊಡಗುತ್ತದೆ. ಬ್ಯಾಟರಿ, ಬಿಲ್ಲೆ, ಸೋಸುವ ಕೆಪಾಸಿಟರು, ಹೊರಹೋಗುವ ಶೀಲ್ಡ್ ವೈರಿನ ಹೆಣಿಗೆ, ಇವೆಲ್ಲದರ ಋಣ ತುದಿಗಳು ಒಂದೇ ಬಿಂದುವಿನಲ್ಲಿ ಕೂಡಬೇಕು. ಎಲ್ಲವನ್ನೂ ಒಂದು ತಗಡಿನ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನೂ ಅದೇ ಬಿಂದುವಿಗೆ ಒಂದೇ ಕಡೆ ಬೆಸೆದೆವು. ಬಿಲ್ಲೆಗೆ ಬೆಸುಗೆ ಹಾಕುವಾಗ ಕಾವು ಒಂದೆರಡು ಸೆಕೆಂಡು ಮೀರಬಾರದು. ಅತಿ ಕಾವಿಗೆ ಪೊರೆಯ ಆವೇಶ ಕುಂದುತ್ತದೆ. ಬೆಸುಗೆಯ ಜಿಡ್ಡನ್ನು ಸ್ಪಿರಿಟ್ಟಿನಿಂದ ಒರೆಸಬೇಕು. ಚಿಗಳ್ಳಿಯಂತಹ ಮಳೆಯ ಸೀಮೆಯಲ್ಲಿ ತೇವವೂ ಮೈಕಿಗೆ ಶತ್ರುವೇ. ಔಷಧಿ ಡಬ್ಬಿಯಲ್ಲಿ ಬರುವ ತೇವ ಹೀರುವ ಪೊಟ್ಟಣವನ್ನು ಜೊತೆಗಿಟ್ಟು ಎತ್ತಿಡುವುದು ಕ್ಷೇಮ.

ರಾತ್ರಿ ಅಜ್ಜಿ ಮತ್ತೆ ಹಾಡಿದರು. ಈ ಸಲ ದುಂಬಿಯ ಸದ್ದಿರಲಿಲ್ಲ. ಪದ ಪದದ ನಡುವೆ ಎಳೆದುಕೊಂಡ ಉಸಿರೂ ಕೇಳಿಸಿತು. ಮರೆತ ಎರಡು ಪದಗಳಲ್ಲಿ ಒಂದು ಅರ್ಧದಷ್ಟು ಮರಳಿ ಬಂದಿತು, ಇನ್ನೊಂದು ಬರಲಿಲ್ಲ. ಮೊದಲ ಮುದ್ರಣದಲ್ಲಿ ಗುಂಯ್ಗಾನದ ಅಡಿಯಲ್ಲಿ ಮುಳುಗಿರುವುದೇ ಅದರ ಉಳಿದ ಕುರುಹು.

ನಾವು ಗ್ರಹಿಸಬೇಕಾದುದು ಇಲ್ಲಿದೆ. ಮೊದಲ ಹೆಜ್ಜೆಯಲ್ಲಿ ಬೆರೆತ ಮಲಿನವನ್ನು ಕೊನೆಯ ಹೆಜ್ಜೆಯಲ್ಲಿ ಪೂರ್ತಿಯಾಗಿ ತೊಳೆಯಲಾಗದು. ಕ್ಷೀಣವಾದುದಕ್ಕೆ ಅದು ಹುಟ್ಟಿದಲ್ಲಿಯೇ ಕಾವಲಿರಬೇಕು.

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. 1992ರಲ್ಲಿ ಲಿಂಗೈಕ್ಯರಾದ ಮಲ್ಲಿಕಾರ್ಜುನ ಮನಸೂರರ ವಚನಗಾಯನ ಇಂದಿಗೂ ನಮ್ಮ ಮನೆಗಳಲ್ಲಿ ಮೊಳಗುತ್ತಿರುವುದು, ಯಾರೋ ಒಬ್ಬರು ಮೈಕನ್ನು ಸರಿಯಾಗಿ ಇರಿಸಿದ್ದರಿಂದ. ಆದರೆ ನಮ್ಮ ನಿಮ್ಮ ಮನೆಯ ಅಜ್ಜಿಯರ ದನಿಯನ್ನು ಹಿಡಿದಿಡಲು ಯಾವ ಕೇಂದ್ರದವರೂ ಬರುವುದಿಲ್ಲ. ಮನೆಯ ಮಕ್ಕಳೇ ಮಾಡಬೇಕು. ಬರುವ ಶ್ರಾವಣದೊಳಗೆ ಅಂತಹ ಒಂದು ಸಂಜೆಯನ್ನು ಮೀಸಲಿಡಿರಿ. ಅಜ್ಜಿಯನ್ನು ಕೂರಿಸುವ ಮೊದಲು ನಿಮ್ಮದೇ ನಾಲ್ಕು ಮಾತು ಮುದ್ರಿಸಿ ಕೇಳಿ ನೋಡಿರಿ. ಮೈಕನ್ನು ಎಷ್ಟು ಸಲವಾದರೂ ಬಿಚ್ಚಿ ಕಟ್ಟಬಹುದು, ದನಿ ಹಾಗಲ್ಲ.