ಕ್ರಿಯಾಟಿನ್‌ಗೆ ಹೆದರಬೇಡಿ, ಡಬ್ಬಿ ನೋಡದೆ ಕೊಳ್ಳಬೇಡಿ

ಜಿಮ್‌ಗೆ ಹೋಗುವ ಗೆಳೆಯರೇ, ಅವರ ತಂದೆ ತಾಯಿಯರೇ,

‘ಆ ಪುಡಿ ತಿಂದರೆ ಕಿಡ್ನಿ ಹೋಗುತ್ತೆ’ ಎಂಬ ಮಾತು ಮನೆಮನೆಯಲ್ಲೂ ಇದೆ. ಅಮ್ಮನ ಕಣ್ಣಿಗೆ ಬೀಳದಂತೆ ಡಬ್ಬಿಯನ್ನು ಬಟ್ಟೆಗಳ ಹಿಂದೆ ಬಚ್ಚಿಡುವ ಹುಡುಗರೂ ಇದ್ದಾರೆ. ಬಚ್ಚಿಡುವಂಥದ್ದು ಅದರಲ್ಲೇನೂ ಇಲ್ಲ. ಆರೋಗ್ಯವಾಗಿರುವ ವಯಸ್ಕರು ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ತೆಗೆದುಕೊಂಡರೆ ಕಿಡ್ನಿ ಕೆಡುತ್ತದೆ ಎಂದು ಮೂರು ದಶಕಗಳ ಸಂಶೋಧನೆ ತೋರಿಸಿಲ್ಲ.

ಕ್ರಿಯಾಟಿನ್ ಸ್ಟೆರಾಯ್ಡ್ ಅಲ್ಲ, ಹಾರ್ಮೋನೂ ಅಲ್ಲ. 1832ರಲ್ಲಿ ಫ್ರಾನ್ಸಿನ ವಿಜ್ಞಾನಿ ಶೆವ್ರಲ್ ಇದನ್ನು ಮಾಂಸದಿಂದ ಬೇರ್ಪಡಿಸಿದ. ನಮ್ಮ ದೇಹವೇ ದಿನಕ್ಕೆ ಸುಮಾರು 1 ಗ್ರಾಂ ತಯಾರಿಸಿಕೊಳ್ಳುತ್ತದೆ. ಮೀನು, ಮಾಂಸ ತಿನ್ನುವವರಿಗೆ ಊಟದಿಂದ ಇನ್ನಷ್ಟು ಸಿಗುತ್ತದೆ. ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಇದರ ಸಂಗ್ರಹ ಕಡಿಮೆ. (ಡಬ್ಬಿಯ ಪುಡಿ ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಾದದ್ದು, ಮಡಿಯವರೂ ಗಾಬರಿಯಾಗಬೇಕಿಲ್ಲ.) ಭಾರ ಎತ್ತುವ, ಜೋರಾಗಿ ಓಡುವ ಆ ಕೆಲವು ಸೆಕೆಂಡುಗಳಲ್ಲಿ ಸ್ನಾಯುವಿಗೆ ಬೇಕಾದ ಶಕ್ತಿಯನ್ನು ಮತ್ತೆ ತುಂಬಿಕೊಡುವುದು ಇದರ ಕೆಲಸ. ಕಸರತ್ತು ಮಾಡದೆ ಬರೀ ಪುಡಿ ನುಂಗಿದರೆ ತೋಳು ದಪ್ಪವಾಗುವುದಿಲ್ಲ.

ಹಾಗಾದರೆ ಈ ಭಯ ಬಂದದ್ದೆಲ್ಲಿಂದ? 1997ರ ಕೊನೆಗೆ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಸತ್ತಾಗ ಮೊದಲ ಬೆರಳು ತೋರಿದ್ದು ಇದರ ಕಡೆಗೆ. ಆಮೇಲೆ ತಿಳಿದದ್ದೇ ಬೇರೆ. ತೂಕ ಇಳಿಸಲೆಂದು ಅವರು ನೀರು ಬಿಟ್ಟು, ಬೆವರಿಳಿಯುವ ಉಡುಪು ತೊಟ್ಟು ಸೆಖೆಯಲ್ಲಿ ಕಸರತ್ತು ಮಾಡಿದ್ದರು. 1998ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಕ್ರಿಯಾಟಿನ್ ತೆಗೆದುಕೊಂಡು ಕಿಡ್ನಿ ತೊಂದರೆಗೊಳಗಾದ 25ರ ಯುವಕನೊಬ್ಬನ ಪ್ರಕರಣ ಪ್ರಕಟಿಸಿತು. ಅವನಿಗೆ ಮೊದಲೇ ಕಿಡ್ನಿ ಕಾಯಿಲೆಯಿತ್ತು. ಸುದ್ದಿ ಹರಡುವಾಗ ಈ ವಿವರ ದಾರಿಯಲ್ಲೇ ಉದುರಿಹೋಯಿತು.

ಇನ್ನೊಂದು ಕಾರಣ ರಕ್ತಪರೀಕ್ಷೆಯ ಚೀಟಿ. ದೇಹದಲ್ಲಿ ಕ್ರಿಯಾಟಿನ್ ಸವೆದು ಕ್ರಿಯಾಟಿನಿನ್ ಆಗುತ್ತದೆ. ಲ್ಯಾಬಿನವರು ಕಿಡ್ನಿಯ ಆರೋಗ್ಯ ಅಳೆಯುವುದೂ ಇದೇ ಕ್ರಿಯಾಟಿನಿನ್‌ನಿಂದ. ಪುಡಿ ತಿನ್ನುವವರಲ್ಲಿ, ಹುರಿಗಟ್ಟಿದ ಮೈಯವರಲ್ಲಿ ಕಿಡ್ನಿ ನೆಟ್ಟಗಿದ್ದರೂ ಈ ಅಂಕಿ ಸ್ವಲ್ಪ ಮೇಲಿರಬಹುದು. ಹಾಗೆಂದು ಹೆಚ್ಚಿದ ಅಂಕಿಯನ್ನೆಲ್ಲ ಪುಡಿಯ ತಲೆಗೆ ಕಟ್ಟಿ ಸುಮ್ಮನಿರುವುದೂ ತಪ್ಪು. ಪುಡಿಯ ವಿಷಯ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತಪರೀಕ್ಷೆ ಮತ್ತು ಮೂತ್ರಪರೀಕ್ಷೆಯಿಂದ ಸಂಶಯ ಬಗೆಹರಿಯುತ್ತದೆ.

ನಿಜವಾದ ಅಡ್ಡಪರಿಣಾಮಗಳೂ ಇವೆ. ಮೊದಲ ವಾರಗಳಲ್ಲಿ ತೂಕ ಒಂದೆರಡು ಕಿಲೋ ಏರಬಹುದು. ಅದು ಹೆಚ್ಚಿನ ಮಟ್ಟಿಗೆ ಸ್ನಾಯು ಹಿಡಿದಿಟ್ಟ ನೀರು. ಒಮ್ಮೆಗೇ ಹೆಚ್ಚು ನುಂಗಿದರೆ ಹೊಟ್ಟೆ ಉಬ್ಬರಿಸುತ್ತದೆ, ಭೇದಿಯೂ ಆಗಬಹುದು. ಶುರುವಿನಲ್ಲಿ ದಿನಕ್ಕೆ 20 ಗ್ರಾಂನ ‘ಲೋಡಿಂಗ್’ ಬೇಕೇಬೇಕೆಂದೇನೂ ಇಲ್ಲ, ದಿನಕ್ಕೆ 3 ಗ್ರಾಂನಂತೆ ತೆಗೆದುಕೊಂಡರೂ ಸುಮಾರು ನಾಲ್ಕು ವಾರಗಳಲ್ಲಿ ಸ್ನಾಯುವಿನ ಸಂಗ್ರಹ ತುಂಬಿಕೊಳ್ಳುತ್ತದೆ. ಕೂದಲು ಉದುರುವ ಹೆದರಿಕೆ ಹುಟ್ಟಿದ್ದು 2009ರಲ್ಲಿ ದಕ್ಷಿಣ ಆಫ್ರಿಕಾದ ಸುಮಾರು 20 ರಗ್ಬಿ ಆಟಗಾರರ ಅಧ್ಯಯನದಿಂದ. ಅಲ್ಲಿ ಏರಿದ್ದು ಕೂದಲುದುರುವುದಕ್ಕೆ ನಂಟಿರುವ ಒಂದು ಹಾರ್ಮೋನು. ಕೂದಲನ್ನು ಯಾರೂ ನೋಡಲೇ ಇಲ್ಲ.

ಕಿಡ್ನಿ ಕಾಯಿಲೆ ಇರುವವರು ಇದರ ತಂಟೆಗೇ ಹೋಗಬೇಡಿ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು, ದಿನವೂ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಬಸುರಿ ಬಾಣಂತಿಯರಿಗೂ ಇದು ಬೇಡ.

ನಮ್ಮ ಭಯ ಇರುವುದು ಡಬ್ಬಿಯ ಬಗ್ಗೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಗಳ ಪರವಾನಗಿ ಸಂಖ್ಯೆ ಇಲ್ಲದ್ದನ್ನು, ಒಳಗೇನಿದೆ ಎಷ್ಟಿದೆ ಎಂದು ಬರೆಯದ ಮಿಶ್ರಣವನ್ನು, ಕವರಿನಲ್ಲಿ ಕಟ್ಟಿಕೊಡುವ ಬಿಡಿ ಪುಡಿಯನ್ನು ಮುಟ್ಟಬೇಡಿ. ಕ್ರೀಡಾಪಟುಗಳಂತೂ ಇನ್ನೂ ಎಚ್ಚರವಾಗಿರಬೇಕು. ಕ್ರಿಯಾಟಿನ್ ನಿಷೇಧಿತ ಪಟ್ಟಿಯಲ್ಲಿಲ್ಲ, ಆದರೆ ಅದರಲ್ಲಿ ಬೆರೆತ ಕಳ್ಳಮಾಲು ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿದರೆ ಹೊಣೆ ಆಟಗಾರನದೇ. ಪುಡಿಯ ಜೊತೆಗೆ ‘ಬೇಗ ಬಾಡಿ ಬರುತ್ತೆ’ ಎಂದು ಇಂಜೆಕ್ಷನ್ ತೋರಿಸುವವನ ಜಿಮ್ ಅಂದೇ ಬಿಡಿ. ಹೃದಯ, ಲಿವರ್ ಕೆಡಿಸುವ ಸ್ಟೆರಾಯ್ಡ್ ಬರುವುದು ಆ ಸೂಜಿಯಲ್ಲಿ.

ಜಿಮ್ ಮಾಲೀಕರೇ, 18 ತುಂಬದ ಹುಡುಗರಿಗೆ ನಿಮ್ಮ ಕೌಂಟರಿನಲ್ಲಿ ಯಾವ ಡಬ್ಬಿಯನ್ನೂ ಮಾರಬೇಡಿ.